ಹಳೆಯ ಫಿಲ್ಮ್ ಎಲ್ಲಿದೆ, ಮೊದಲು ಅದನ್ನು ಹುಡುಕಿ

ಎದೆಯ ಸಿ.ಟಿ. ಸ್ಕ್ಯಾನ್ ರಿಪೋರ್ಟ್ ಕೈಗೆ ಬಂದರೆ ಜನ ನೇರ ಕೊನೆಯ ಪುಟಕ್ಕೆ ಹೋಗುತ್ತಾರೆ. ‘ಇಂಪ್ರೆಶನ್’ ಅಂತ ದಪ್ಪ ಅಕ್ಷರದಲ್ಲಿ ಇರುತ್ತದಲ್ಲ, ಅಲ್ಲಿಗೆ. ಯಾವ ತೊಂದರೆಗೆ ಸ್ಕ್ಯಾನ್ ಮಾಡಿಸಿದ್ದರೋ ಅದರ ಬಗ್ಗೆ ಮೊದಲು ಎರಡು ಸಾಲು. ಅದರ ಕೆಳಗೆ ಇನ್ನೊಂದು ಸಾಲು: ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಇಷ್ಟು ಮಿಲಿಮೀಟರ್ ನೋಡ್ಯೂಲ್ (ಚಿಕ್ಕ ಗಂಟು) ಇದೆ, ಇಷ್ಟು ತಿಂಗಳ ನಂತರ ಮತ್ತೆ ನೋಡಬೇಕು. ಯಾರೂ ಅದನ್ನು ಹುಡುಕಲು ಹೋಗಿರಲಿಲ್ಲ. ಬೇರೆ ಏನನ್ನೋ ನೋಡುವಾಗ ಕಣ್ಣಿಗೆ ಬಿದ್ದದ್ದು. ಆ ಸಾಲು ಕೆಲವರ ಮನೆಯಲ್ಲಿ ನಿದ್ದೆ ಕೆಡಿಸುತ್ತದೆ. ಇನ್ನು ಕೆಲವರ ಮನೆಯಲ್ಲಿ ಯಾರೂ ಓದದೆ ಕಪಾಟು ಸೇರುತ್ತದೆ. ಶಿರಸಿಯ ನನ್ನ ಕ್ಲಿನಿಕ್ಕಿನಲ್ಲಿ ಎರಡನ್ನೂ ನೋಡುತ್ತಿರುತ್ತೇನೆ. ನನಗೆ ಹೆದರಿಕೆ ಹುಟ್ಟಿಸುವುದು ಎರಡನೆಯದು.

ನಾನು ಎದೆರೋಗ ತಜ್ಞೆ ಅಲ್ಲ, ಫ್ಯಾಮಿಲಿ ಡಾಕ್ಟರ್. ದೊಡ್ಡ ಊರಿನಿಂದ ರಿಪೋರ್ಟ್ ತಂದವರು ‘ಇದರಲ್ಲಿ ಎಂತ ಬರೆದಿದ್ದಾರೆ, ಸ್ವಲ್ಪ ಓದಿ ಹೇಳಿ’ ಅಂತ ಮೊದಲು ಬರುವುದು ನನ್ನಂಥವರ ಹತ್ತಿರ. ನಮ್ಮ ಜಿಲ್ಲೆಯ ಕಥೆ ನಿಮಗೆ ಗೊತ್ತೇ ಇದೆ. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಆದರೂ ತೊಂದರೆ ದೊಡ್ಡದು ಅನಿಸಿದರೆ ಕಾರವಾರದವರು ಗೋವಾದ ಬಾಂಬೋಳಿಗೆ ಹೋಗುತ್ತಾರೆ. ಕುಮಟಾ, ಹೊನ್ನಾವರದವರು ಮಣಿಪಾಲ, ಮಂಗಳೂರಿಗೆ. ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ. ಒಬ್ಬನೇ ಮನುಷ್ಯನ ಸ್ಕ್ಯಾನುಗಳು ಮೂರು ಊರಿನ ಮೂರು ಕಂಪ್ಯೂಟರಿನಲ್ಲಿ ಇರುತ್ತವೆ. ಒಂದು ಕಡೆಯವರಿಗೆ ಇನ್ನೊಂದು ಕಡೆ ಏನಿದೆ ಅಂತ ಗೊತ್ತಿರುವುದಿಲ್ಲ. ಹಾಗಾಗಿ ಈ ಬರಹದಲ್ಲಿ ನಾನು ಒತ್ತಿ ಹೇಳುವುದು ಇಷ್ಟೇ. ಹಳೆಯ ಸ್ಕ್ಯಾನ್ ನಿಮ್ಮ ಹತ್ತಿರ ಇರಬೇಕು. ಮುಂದಿನ ಸ್ಕ್ಯಾನಿನ ತಾರೀಖು ನಿಮಗೆ ಗೊತ್ತಿರಬೇಕು.

ಒಬ್ಬ ಕೊನೆಗೌಡರ, ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವರ ವಿಷಯ ಹೇಳುತ್ತೇನೆ. ಅವರ ಒಪ್ಪಿಗೆ ಇದೆ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಕೊನೆ ಕೊಯ್ಯುವಾಗ ಅಡಿಕೆ ಮರದಿಂದ ಬಿದ್ದರು. ಪಕ್ಕೆಲುಬು ಮುರಿದಿತ್ತು. ಹುಬ್ಬಳ್ಳಿಯಲ್ಲಿ ಎದೆಯ ಸ್ಕ್ಯಾನ್ ಆಯಿತು. ಎಲುಬು ತನ್ನಷ್ಟಕ್ಕೆ ಕೂಡಿಕೊಂಡಿತು. ನನ್ನ ಹತ್ತಿರ ಬಂದಾಗ ನೋವಿನ ಮಾತೇ ಇಲ್ಲ. ಕುರ್ಚಿಯ ತುದಿಯಲ್ಲಿ ಕೂತು ಹೇಳಿದರು, “ಅಮ್ಮಾ, ಒಳಗೆ ಗಂಟು ಇದೆಯಂತೆ. ತಮ್ಮನ ಮಗ ಮೊಬೈಲಲ್ಲಿ ನೋಡಿ ಕ್ಯಾನ್ಸರ್ ಅಂದ. ತೋಟದ ಕೆಲಸ ಬಿಟ್ಟುಬಿಡ್ಲಾ?”

7 ಮಿ.ಮೀ. ಗಂಟು. ಅಂಚು ನುಣುಪು. ಬಲಗಡೆ ಮೇಲ್ಭಾಗ. ಗೌಡರು ಬೀಡಿ ಸೇದುತ್ತಿದ್ದರು. ಅವರ ಮನೆಯಲ್ಲಿ ಕಾಳುಮೆಣಸು ಬೆಳೆಯುತ್ತಾರೆ. “ಗೌಡ್ರೇ, ಒಂದು ದಪ್ಪ ಮೆಣಸಿನಕಾಳಿನಷ್ಟು ಇದೆ, ಅಷ್ಟೇ” ಅಂದೆ. ಅವರ ಹೆಂಡತಿ ಕೂಡಲೇ ಕೇಳಿದರು, “ಹಾಗಾದ್ರೆ ತೆಗೆದೇ ಬಿಡಬಹುದಲ್ಲ?” ಸರಿಯಾದ ಪ್ರಶ್ನೆ. ಎಲ್ಲರಿಗೂ ಮೊದಲು ಹೊಳೆಯುವುದು ಅದೇ.

ಯಾಕೆ ಕೂಡಲೇ ತೆಗೆಯುವುದಿಲ್ಲ ಅಂದರೆ, ತುಣುಕು ತೆಗೆದು ಅದು ಏನು ಅಂತ ಪರೀಕ್ಷಿಸಲು ಇಷ್ಟು ಚಿಕ್ಕ ಗಂಟಿಗೆ ಹೊರಗಿನಿಂದ ಸೂಜಿ ಗುರಿ ಇಡುವುದು ಕಷ್ಟ. ಉಸಿರಾಡಿದಂತೆ ಶ್ವಾಸಕೋಶ ಸರಿದಾಡುತ್ತಿರುತ್ತದೆ. ಸೂಜಿ ಹಾಕಿದ ಜಾಗದಿಂದ ಗಾಳಿ ಸೋರಿ ಶ್ವಾಸಕೋಶ ಕುಸಿಯಬಹುದು. ಪೆಟ್ ಸ್ಕ್ಯಾನ್ (ಚುರುಕಾಗಿರುವ ಜೀವಕೋಶಗಳು ಹೊಳೆಯುವ ಹಾಗೆ ತೋರಿಸುವ ಸ್ಕ್ಯಾನ್) ಮಾಡಿಸೋಣ ಅಂದರೆ, 8 ಮಿ.ಮೀ.ಗಿಂತ ಚಿಕ್ಕದನ್ನು ಅದು ನಂಬುವ ಹಾಗೆ ತೋರಿಸುವುದಿಲ್ಲ. ದೊಡ್ಡದಿದ್ದರೂ ನಮ್ಮ ದೇಶದಲ್ಲಿ ಇನ್ನೊಂದು ತೊಡಕು ಇದೆ. ಟಿ.ಬಿ. ಗಂಟು ಕೂಡ ಪೆಟ್ ಸ್ಕ್ಯಾನಿನಲ್ಲಿ ಕ್ಯಾನ್ಸರಿನ ಹಾಗೆಯೇ ಹೊಳೆಯುತ್ತದೆ. ಹಾಗಾಗಿ ಇಷ್ಟು ಚಿಕ್ಕ ಗಂಟಿಗೆ ಇರುವ ಒಳ್ಳೆಯ ಪರೀಕ್ಷೆ ಅಂದರೆ ಕಾಲ. ಬೆಳೆಯುತ್ತಿದೆಯೋ, ಹಾಗೇ ಇದೆಯೋ, ಕರಗಿತೋ. ಗಟ್ಟಿ ಗಂಟು ಎರಡು ವರ್ಷ ಒಂದೇ ಗಾತ್ರದಲ್ಲಿ ಇದ್ದರೆ ಅದು ಕ್ಯಾನ್ಸರ್ ಅಲ್ಲ ಅಂತ ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದು.

ಇಲ್ಲಿ ಒಂದು ಲೆಕ್ಕ ಗೊತ್ತಿದ್ದರೆ ಒಳ್ಳೆಯದು. ಗಂಟು ಉರುಟಾಗಿರುವುದರಿಂದ ಅಡ್ಡಳತೆ ಸ್ವಲ್ಪ ಹೆಚ್ಚಿದರೂ ಒಟ್ಟು ಗಾತ್ರ ತುಂಬಾ ಹೆಚ್ಚುತ್ತದೆ. 7 ಮಿ.ಮೀ. ಇದ್ದದ್ದು 9 ಆದರೆ ಗಾತ್ರ ಎರಡು ಪಟ್ಟಾಯಿತು ಅಂತಲೇ ಅರ್ಥ. ಅದೇ 7 ಇದ್ದದ್ದು 8 ಅಂತ ಬಂದರೆ ಅದು ಅಳತೆಯ ವ್ಯತ್ಯಾಸವೇ ಇರಬಹುದು. ಬೇರೆ ಮಷಿನ್, ಬೇರೆ ಡಾಕ್ಟರ್, ಉಸಿರು ಹಿಡಿದದ್ದು ಹೆಚ್ಚುಕಡಿಮೆ, ಯಾವುದೂ ಕಾರಣ ಆಗಬಹುದು. ಅದಕ್ಕೇ ಎರಡು ರಿಪೋರ್ಟಿನ ಅಂಕಿ ಪಕ್ಕಪಕ್ಕ ಇಟ್ಟು ಹೆದರಬೇಡಿ. ಒಬ್ಬರೇ ರೇಡಿಯಾಲಜಿಸ್ಟ್ (ಸ್ಕ್ಯಾನ್ ಚಿತ್ರ ಓದುವ ಡಾಕ್ಟರ್) ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ನಾನು ಕೊನೆಗೌಡರನ್ನು ಕೇಳಿದೆ, ಮೊದಲು ಯಾವತ್ತಾದರೂ ಎದೆಯ ಸ್ಕ್ಯಾನ್ ಆಗಿತ್ತಾ ಅಂತ. ಇಲ್ಲ ಅಂದರು. ಹೆಂಡತಿ ತಡೆದರು, “ಕೊರೊನಾ ಟೈಮಲ್ಲಿ ಆಗಿತ್ತಲ್ಲ, ಮರೆತ್ರಾ?” 2021ರ ಎರಡನೇ ಅಲೆಯಲ್ಲಿ ಕೆಮ್ಮು ಬಂತು ಅಂದರೆ ಸ್ಕ್ಯಾನ್ ಮಾಡಿಸುತ್ತಿದ್ದ ದಿನಗಳು ಅವು. ಆ ಫಿಲ್ಮ್‌ಗಳು ಇವತ್ತಿಗೂ ಎಷ್ಟೋ ಮನೆಗಳಲ್ಲಿ ಹಾಗೇ ಬಿದ್ದಿವೆ. ನನ್ನ ಮಟ್ಟಿಗೆ ಅವು ಚಿನ್ನ.

ಆಕೆ ಮರುವಾರ ತಂದುಕೊಟ್ಟರು. ಗೊಬ್ಬರದ ಚೀಲದಲ್ಲಿ ಸುತ್ತಿ, ಮೇಲೆ ಹಳೇ ಸೀರೆ ಕಟ್ಟಿದ್ದರು. ಒಂದು ಫಿಲ್ಮಿನ ಮೂಲೆಗೆ ಬೂಷ್ಟು ಹಿಡಿದಿತ್ತು. ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದವು, ನಿಧಾನ ಬಿಡಿಸಿದೆ. ಕಿಟಕಿಯ ಬೆಳಕಿಗೆ ಹಿಡಿದೆ. ಸಾಲುಸಾಲಾಗಿ ಪುಟ್ಟ ಪುಟ್ಟ ಚಿತ್ರಗಳು. ದೊಡ್ಡ ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗ ಹುಡುಕಿಕೊಂಡು ಅಲ್ಲಿಂದ ಮೇಲೆ ಮೇಲೆ ಬಂದೆ. ಎರಡು ರಕ್ತನಾಳದ ನಡುವೆ, ಹೊಸ ಸ್ಕ್ಯಾನಿನಲ್ಲಿ ಇದ್ದ ಜಾಗದಲ್ಲೇ, ಒಂದು ಬಿಳಿ ಚುಕ್ಕೆ. ಅವತ್ತಿನ ರಿಪೋರ್ಟಿನಲ್ಲಿ ಅದರ ಮಾತೇ ಇರಲಿಲ್ಲ. ಕೋವಿಡ್ ಎಷ್ಟು ಹಬ್ಬಿದೆ ಅಂತ ಅಂಕ ಕೊಡುವುದರಲ್ಲೇ ಎಲ್ಲರ ಗಮನ ಇತ್ತು, ಅದು ಆ ದಿನಗಳ ಒತ್ತಡ.

ಫಿಲ್ಮ್ ನೋಡಿ ನಾನೇ ತೀರ್ಪು ಕೊಡುವ ಹಾಗಿಲ್ಲ. ಅದರಲ್ಲಿ ದಪ್ಪ ದಪ್ಪ ಹೋಳಿನ ಚಿತ್ರ ಇರುತ್ತದೆ, ಇಂಥ ಗಂಟಿಗೆ ಒಂದೂವರೆ ಮಿ.ಮೀ.ಗಿಂತ ತೆಳು ಹೋಳು ಬೇಕು. ಪುಣ್ಯಕ್ಕೆ ಚೀಲದ ತಳದಲ್ಲಿ ಸಿ.ಡಿ. ಕೂಡ ಇತ್ತು. ಎರಡನ್ನೂ ರೇಡಿಯಾಲಜಿಸ್ಟ್ ಹತ್ತಿರ ಕಳಿಸಿದೆ. ಉತ್ತರ ಬಂತು: ಬದಲಾವಣೆ ಇಲ್ಲ. ಮೂರು ವರ್ಷಕ್ಕೂ ಮಿಕ್ಕಿ ಅಷ್ಟೇ ಗಾತ್ರ. ಮತ್ತೆ ಸ್ಕ್ಯಾನ್ ಬೇಡ. ಹೊಸದಾಗಿ ಕಾಯಬೇಕಾಗಿದ್ದ ಎರಡು ವರ್ಷವನ್ನು ಆ ಗೊಬ್ಬರದ ಚೀಲ ಉಳಿಸಿಕೊಟ್ಟಿತು. ಬೀಡಿ ಬಿಡಬೇಕು ಅನ್ನುವ ಮಾತು ಮಾತ್ರ ನಾನು ಬಿಡಲಿಲ್ಲ.

ಹಳೆಯದು ಸಿಗದಿದ್ದರೆ? ಆಗ ಲೆಕ್ಕ ಹೊಸದಾಗಿ ಶುರು. ಇದಕ್ಕೆ ಡಾಕ್ಟರುಗಳು ಹೆಚ್ಚಾಗಿ ಅನುಸರಿಸುವುದು ಎದೆಯ ಸ್ಕ್ಯಾನ್ ತಜ್ಞರ ಅಂತರರಾಷ್ಟ್ರೀಯ ಸಂಘವಾದ ಫ್ಲೈಷ್ನರ್ ಸೊಸೈಟಿಯ 2017ರ ಸೂಚನೆಗಳನ್ನು. ಒಂದೇ ಗಟ್ಟಿ ಗಂಟು, 6 ಮಿ.ಮೀ.ಗಿಂತ ಚಿಕ್ಕದು, ಬೀಡಿ ಸಿಗರೇಟು ಇಲ್ಲದ ಆರೋಗ್ಯವಂತ ಅಂದರೆ ಮತ್ತೆ ಸ್ಕ್ಯಾನ್ ಅಗತ್ಯ ಇಲ್ಲ. ಅಷ್ಟು ಚಿಕ್ಕದರಲ್ಲಿ ಕ್ಯಾನ್ಸರ್ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಸೇದುವವರಾದರೆ ಒಂದು ವರ್ಷ ಕಳೆದ ಮೇಲೆ ಒಂದು ಸಲ ನೋಡಬಹುದು. 6ರಿಂದ 8 ಮಿ.ಮೀ. ಆದರೆ 6ರಿಂದ 12 ತಿಂಗಳಲ್ಲಿ ಒಂದು ಸ್ಕ್ಯಾನ್, ಬೇಕಾದರೆ 18ರಿಂದ 24 ತಿಂಗಳಲ್ಲಿ ಇನ್ನೊಂದು. 8 ದಾಟಿದರೆ ಕಾಯುತ್ತಾ ಕೂರಬಾರದು. ಮೂರು ತಿಂಗಳಲ್ಲಿ ಸ್ಕ್ಯಾನೋ, ಪೆಟ್ ಸ್ಕ್ಯಾನೋ, ತುಣುಕು ತೆಗೆಯುವುದೋ ಅಂತ ತಜ್ಞರು ಆಗಲೇ ತೀರ್ಮಾನಿಸಬೇಕು. ಮಂಜಿನ ಹಾಗೆ ಮಸುಕಾಗಿ ಕಾಣುವ ಗಂಟುಗಳದ್ದು ಬೇರೆ ದಾರಿ. ಅವು ಬೆಳೆದರೂ ತುಂಬಾ ನಿಧಾನ, ಅದಕ್ಕೆ ಐದು ವರ್ಷದವರೆಗೂ ನೋಡುತ್ತಾರೆ. ಬೀಡಿ ಮುಟ್ಟದ ಹೆಂಗಸರಲ್ಲೂ ಇಂಥದು ಕಾಣಬಹುದು. ಹಾಗಾಗಿ ‘ನಾನು ಸೇದುವುದಿಲ್ಲ’ ಅಂತ ಇದನ್ನು ತಳ್ಳಿಹಾಕಬೇಡಿ.

ಈ ಸೂಚನೆಗಳು ಎಲ್ಲರಿಗೂ ಅಲ್ಲ. 35 ವರ್ಷದ ಒಳಗಿನವರು, ಮೊದಲೇ ಕ್ಯಾನ್ಸರ್ ಆದವರು, ರೋಗನಿರೋಧಕ ಶಕ್ತಿ ಕುಗ್ಗಿದವರು, ಇವರ ವಿಚಾರ ಬೇರೆ. ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ವಾರಗಟ್ಟಲೆ ಸ್ವರ ಒಡೆದಿರುವುದು, ಇದ್ಯಾವುದಾದರೂ ಇದ್ದರೆ ಮಿಲಿಮೀಟರ್ ಲೆಕ್ಕ ಬದಿಗಿಟ್ಟು ಕೂಡಲೇ ಡಾಕ್ಟರನ್ನು ಕಾಣಿ.

ಇನ್ನು ಮರೆತುಹೋದ ಸಾಲಿನ ವಿಷಯ. ಬರೆಯಲು ಕಷ್ಟ ಆಗುತ್ತದೆ, ಆದರೂ ಬರೆಯುತ್ತೇನೆ. ಅಂಕೋಲಾ ಕಡೆಯ ಲಾರಿ ಚಾಲಕರು ಒಬ್ಬರು. ಹೆದ್ದಾರಿಯಲ್ಲಿ ಅಪಘಾತ ಆಗಿ ದೂರದ ಒಂದು ಆಸ್ಪತ್ರೆ ಸೇರಿದ್ದರು. ತಲೆಯಿಂದ ಹೊಟ್ಟೆಯವರೆಗೆ ಸ್ಕ್ಯಾನ್ ಆಯಿತು. ತೊಡೆ ಎಲುಬಿನ ಆಪರೇಶನ್ ಚೆನ್ನಾಗಿಯೇ ಆಯಿತು, ನಡೆದುಕೊಂಡು ಮನೆಗೆ ಬಂದರು. ಸ್ಕ್ಯಾನ್ ರಿಪೋರ್ಟಿನ ಮೂರನೇ ಪುಟದಲ್ಲಿ ಹೀಗಿತ್ತು: ಎಡಗಡೆ ಮೇಲ್ಭಾಗದಲ್ಲಿ 11 ಮಿ.ಮೀ. ಗಂಟು, ಅಂಚು ಮುಳ್ಳುಮುಳ್ಳು, ಮೂರು ತಿಂಗಳಲ್ಲಿ ಮತ್ತೆ ನೋಡಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ತೊಡೆ ಎಲುಬಿನದು ಬಿಟ್ಟರೆ ಬೇರೇನೂ ಇರಲಿಲ್ಲ. ಒಂದು ವರ್ಷ ದಾಟಿ ಕೆಮ್ಮಿನಲ್ಲಿ ರಕ್ತ ಬಂದಾಗ ಸಂಬಂಧಿಕರು ಅವರನ್ನು ನನ್ನ ಹತ್ತಿರ ಕರೆತಂದರು. ಆಪರೇಶನ್ ಮಾಡುವ ಹಂತ ದಾಟಿಹೋಗಿತ್ತು. ಅವರ ಹೆಂಡತಿ ಅಳಲಿಲ್ಲ. “ಆವತ್ತೇ ಒಬ್ರು ಬಾಯಿಬಿಟ್ಟು ಹೇಳಿದ್ರೆ ನಾವು ಹೋಗ್ತಿರ್ಲಿಲ್ವಾ ಡಾಕ್ಟ್ರಮ್ಮ?” ಅಂತ ಕೇಳಿದರು.

ಯಾರೂ ಕೇಡು ಬಯಸಿ ಹೀಗೆ ಮಾಡುವುದಿಲ್ಲ. ರೇಡಿಯಾಲಜಿಸ್ಟ್ ಬರೆದರು. ಎಲುಬಿನ ಡಾಕ್ಟರ್ ಎಲುಬಿನ ಸಾಲು ಓದಿದರು. ಪೂರ್ತಿ ರಿಪೋರ್ಟ್ ಬರುವ ಹೊತ್ತಿಗೆ ರೋಗಿ ಬೇರೆ ವಾರ್ಡಿಗೆ ಹೋಗಿದ್ದರು. ಡಿಸ್ಚಾರ್ಜ್ ಬರೆದವರು ಇನ್ಯಾರೋ. ನಡುವೆ ಆ ಸಾಲು ಯಾರ ಹೊಣೆಯೂ ಆಗಲಿಲ್ಲ. ನನ್ನ ಅಭಿಪ್ರಾಯ ಸ್ಪಷ್ಟ ಇದೆ. ಹೇಳುವ ಹೊಣೆ ಆಸ್ಪತ್ರೆಯದ್ದೇ. ಹುಡುಕದೆ ಸಿಕ್ಕಿದ್ದು ಏನಿದ್ದರೂ ಡಿಸ್ಚಾರ್ಜ್ ಸಮ್ಮರಿಯಲ್ಲಿ, ರೋಗಿಗೆ ಅರ್ಥ ಆಗುವ ಭಾಷೆಯಲ್ಲಿ, ತಾರೀಖಿನ ಜೊತೆ ಬರೆದುಕೊಡಲೇಬೇಕು. ಅಷ್ಟು ಎಲ್ಲ ಕಡೆ ಆಗುವವರೆಗೆ ನೀವು ಬಿಡುಗಡೆ ದಿನ ಎರಡು ಮಾತು ಕೇಳಿ. “ಸ್ಕ್ಯಾನಿನಲ್ಲಿ ಈ ತೊಂದರೆ ಬಿಟ್ಟು ಬೇರೆ ಏನಾದ್ರೂ ಕಂಡಿದೆಯಾ?” “ಕಂಡಿದ್ದರೆ ಯಾವ ತಿಂಗಳಲ್ಲಿ, ಯಾರ ಹತ್ತಿರ ತೋರಿಸಬೇಕು?” ಕೇಳಲು ಸಂಕೋಚ ಬೇಡ. ಕೇಳಿದರೆ ಬೇಸರ ಮಾಡಿಕೊಳ್ಳುವ ಡಾಕ್ಟರು ತೀರಾ ಕಡಿಮೆ.

ಗಂಟು ಅಂದಕೂಡಲೇ ಟಿ.ಬಿ. ಮಾತ್ರೆ ಶುರು ಮಾಡುವುದನ್ನೂ ನೋಡಿದ್ದೇನೆ. ನಮ್ಮಲ್ಲಿ ಟಿ.ಬಿ. ಜಾಸ್ತಿ, ನಿಜ. ಎಂದೋ ಬಂದು ತಾನೇ ವಾಸಿಯಾದ ಟಿ.ಬಿ. ಸುಣ್ಣ ಕಟ್ಟಿದ ಚುಕ್ಕೆಯಾಗಿ ಜೀವನಪೂರ್ತಿ ಉಳಿಯುತ್ತದೆ. ಗಂಟಿನ ತುಂಬಾ ಅಥವಾ ನಟ್ಟನಡುವೆ ಸುಣ್ಣ ಕಟ್ಟಿದ್ದರೆ ಅದು ನೆಮ್ಮದಿಯ ಲಕ್ಷಣ. ಅದಕ್ಕೆ ಮಾತ್ರೆ ಬೇಡ, ಪದೇ ಪದೇ ಸ್ಕ್ಯಾನೂ ಬೇಡ. ಈಗ ಟಿ.ಬಿ. ಇದೆಯೋ ಅನ್ನುವ ಸಂಶಯ ಇದ್ದರೆ ಕಫ ಪರೀಕ್ಷೆ ಆಗಲಿ. ಕಫದಲ್ಲಿ ಟಿ.ಬಿ. ರೋಗಾಣು ಹುಡುಕುವ ಸಿಬಿನಾಟ್ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಬರೀ ಒಂದು ಚುಕ್ಕೆ ನೋಡಿ ಆರು ತಿಂಗಳ ಮಾತ್ರೆ ನುಂಗುವುದು ಲಿವರಿಗೂ ಒಳ್ಳೆಯದಲ್ಲ. ಲ್ಯಾಬಿನವರು ಹೇಳುವ ಟ್ಯೂಮರ್ ಮಾರ್ಕರ್ ರಕ್ತಪರೀಕ್ಷೆಯಿಂದಲೂ ಚಿಕ್ಕ ಗಂಟಿನ ಗುಟ್ಟು ತಿಳಿಯುವುದಿಲ್ಲ.

ಬರೀ ಎಕ್ಸ್‌ರೇಯಲ್ಲಿ ಚುಕ್ಕೆ ಕಂಡವರಿಗೆ ಇನ್ನೂ ಒಂದು ಮಾತು ತಿಳಿದಿರಲಿ. ಕೆಲವೊಮ್ಮೆ ಅದು ಮೊಲೆತೊಟ್ಟಿನ ನೆರಳು. ಗಂಡಸರಲ್ಲೂ ಹೀಗಾಗುತ್ತದೆ. ತೊಟ್ಟಿನ ಮೇಲೆ ಚಿಕ್ಕ ಲೋಹದ ಗುರುತು ಅಂಟಿಸಿ ಮತ್ತೊಂದು ಎಕ್ಸ್‌ರೇ ತೆಗೆದರೆ ಅಲ್ಲಿಗೇ ಮುಗಿಯುತ್ತದೆ.

ಬೆಂಗಳೂರಿನಲ್ಲಿರುವ ಮಕ್ಕಳು ಅಪ್ಪ ಅಮ್ಮನಿಗೆ ಪ್ರೀತಿಯಿಂದ ಪೂರ್ತಿ ದೇಹದ ಚೆಕಪ್ ಮಾಡಿಸುತ್ತಾರೆ. ಅದರಲ್ಲಿ ಎದೆಯ ಸ್ಕ್ಯಾನೂ ಸೇರಿರುತ್ತದೆ. ಪ್ರೀತಿ ನಿಜ, ಆದರೆ ಸ್ವಲ್ಪ ಯೋಚಿಸಿ. ಅಮೆರಿಕದಲ್ಲಿ ತುಂಬಾ ಸೇದುವ 53 ಸಾವಿರ ಜನರ ಮೇಲೆ ಮಾಡಿದ ದೊಡ್ಡ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನ್ ಮಾಡಿಸಿಕೊಂಡವರಲ್ಲಿ ಶ್ವಾಸಕೋಶ ಕ್ಯಾನ್ಸರಿನ ಸಾವು ಶೇ. 20ರಷ್ಟು ಕಡಿಮೆ ಆಯಿತು. ದೊಡ್ಡ ಲಾಭ. ಆದರೆ ಆ ಸ್ಕ್ಯಾನುಗಳಲ್ಲಿ ಸಂಶಯ ಅಂತ ಬಂದವುಗಳ ಪೈಕಿ ಶೇ. 96 ಕ್ಯಾನ್ಸರ್ ಆಗಿರಲಿಲ್ಲ. ವರ್ಷಗಟ್ಟಲೆ ಸೇದಿದವರಿಗೆ ಆ ತಲೆಬಿಸಿ ತಗೊಂಡರೂ ಲಾಭ ಇದೆ. ಒಂದು ಬೀಡಿಯನ್ನೂ ಮುಟ್ಟದ, ಕೆಮ್ಮೂ ಇಲ್ಲದ ಅಮ್ಮನಿಗೆ ಸುಮ್ನೆ ಯಾಕೆ?

ವಿಕಿರಣದ ಬಗ್ಗೆಯೂ ಕೇಳುತ್ತಾರೆ. ಕೈಗಾ ಅಣುಸ್ಥಾವರ ಪಕ್ಕದಲ್ಲೇ ಇರುವುದರಿಂದ ಕಾರವಾರ ಕಡೆಯವರು ಇದನ್ನು ಮೊದಲೇ ಎತ್ತುತ್ತಾರೆ. ಮಾಮೂಲಿ ಎದೆಯ ಸಿ.ಟಿ.ಗೆ 5ರಿಂದ 7 ಮಿಲಿಸೀವರ್ಟ್ (ವಿಕಿರಣ ಅಳೆಯುವ ಮಾನ) ಆಗುತ್ತದೆ. ಗಂಟನ್ನು ಮತ್ತೆ ನೋಡಲು ಕಡಿಮೆ ಡೋಸಿನ ಸ್ಕ್ಯಾನ್ ಸಾಕು, ಅದು ಸುಮಾರು ಒಂದೂವರೆ. ಮಣ್ಣು, ಗಾಳಿ, ಆಕಾಶದಿಂದ ಪ್ರಪಂಚದಲ್ಲಿ ಎಲ್ಲರಿಗೂ ವರ್ಷಕ್ಕೆ ಸರಾಸರಿ 2.4 ಸಿಗುತ್ತಲೇ ಇರುತ್ತದೆ. ಹಾಗಾಗಿ ಬೇಕಾದ ಸ್ಕ್ಯಾನನ್ನು ಹೆದರಿ ತಪ್ಪಿಸಬೇಡಿ. ‘ಕಡಿಮೆ ಡೋಸು, ತೆಳು ಹೋಳು, ಕಾಂಟ್ರಾಸ್ಟ್ ಬೇಡ ಅಲ್ವಾ?’ ಅಂತ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ. ಕಾಂಟ್ರಾಸ್ಟ್ ಅಂದರೆ ಚಿತ್ರ ಎದ್ದು ಕಾಣಲು ನರಕ್ಕೆ ಕೊಡುವ ಔಷಧಿ.

ಫಿಲ್ಮ್ ಇಡುವುದು ಹೇಗೆ? ನಮ್ಮ ಮಳೆಗಾಲದಲ್ಲಿ ಇದು ಸಣ್ಣ ವಿಷಯ ಅಲ್ಲ. ಅಡುಗೆಮನೆ ಅಟ್ಟದ ಮೇಲೆ ಬೇಡ, ಬಚ್ಚಲೊಲೆಯ ಗೋಡೆಗೂ ಬೇಡ. ಈಗಿನ ಫಿಲ್ಮ್‌ಗಳು ಬಿಸಿ ತಾಗಿದರೆ ಕಪ್ಪಾಗುತ್ತವೆ. ಅದೇ ಕಾರಣಕ್ಕೆ ಲ್ಯಾಮಿನೇಶನ್ ಮಾಡಿಸಲೇಬೇಡಿ. ಒಣ ಕವರಿನಲ್ಲಿ ಹಾಕಿ, ಬಟ್ಟೆ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿ. ಫಿಲ್ಮಿಗಿಂತ ಮುಖ್ಯ ಸಿ.ಡಿ. ಅದರಲ್ಲಿ ಇರುವ ಎಲ್ಲಾ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಗೇ ಕಾಪಿ ಮಾಡಿಸಿ, ಊರಿನ ಕಂಪ್ಯೂಟರ್ ಅಂಗಡಿಯಲ್ಲೂ ಮಾಡಿಕೊಡುತ್ತಾರೆ. ಮೊಬೈಲಿಗೆ ಲಿಂಕ್ ಕಳಿಸಿದ್ದರೆ ಅದೇ ವಾರ ಡೌನ್‌ಲೋಡ್ ಮಾಡಿಕೊಳ್ಳಿ, ಲಿಂಕ್ ಆಮೇಲೆ ತೆರೆಯದೇ ಹೋಗಬಹುದು. ರಿಪೋರ್ಟಿನ ಫೋಟೋ ವಾಟ್ಸ್‌ಆ್ಯಪಿನಲ್ಲಿ ಇದ್ದರೆ ಓದಲು ಆಗುತ್ತದೆ. ಫಿಲ್ಮಿನ ಫೋಟೋ ತೆಗೆದು ಕಳಿಸಿದರೆ ಅಳತೆಗೆ ಉಪಯೋಗ ಇಲ್ಲ.

ಮುಂದಿನ ಸ್ಕ್ಯಾನಿನ ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ ಬರೆಯಿರಿ, ಮಗನ ಅಥವಾ ಮಗಳ ಫೋನಿನಲ್ಲೂ ಹಾಕಿಸಿ. ಕೊಯ್ಲಿನ ಗಡಿಬಿಡಿಯಲ್ಲಿ, ಜಾತ್ರೆಯ ಓಡಾಟದಲ್ಲಿ ಎರಡು ತಿಂಗಳು ಹೇಗೆ ಹೋಗುತ್ತದೆ ಅಂತ ತಿಳಿಯುವುದೇ ಇಲ್ಲ. ನನ್ನ ಕ್ಲಿನಿಕ್ಕಿನಲ್ಲಿ ಇದಕ್ಕೇ ಒಂದು ಉದ್ದ ಪುಸ್ತಕ ಇಟ್ಟಿದ್ದೇನೆ. ಹೆಸರು, ಗಂಟಿನ ಅಳತೆ, ಮುಂದಿನ ತಿಂಗಳು, ಫೋನ್ ನಂಬರ್. ಪ್ರತಿ ತಿಂಗಳ ಮೊದಲ ವಾರ ನಮ್ಮ ಸಿಸ್ಟರ್ ಆ ಪುಸ್ತಕ ನೋಡಿ ಫೋನ್ ಮಾಡುತ್ತಾರೆ. ನಿಮ್ಮೂರಿನ ಡಾಕ್ಟರಿಗೂ ಹೇಳಿ ನೋಡಿ. ಖರ್ಚಿಲ್ಲದ ಕೆಲಸ.

ಎದೆಯ ಸ್ಕ್ಯಾನಿನಲ್ಲಿ ಕಾಣುವುದು ಶ್ವಾಸಕೋಶ ಮಾತ್ರ ಅಲ್ಲ. ಕುತ್ತಿಗೆಯ ಥೈರಾಯ್ಡ್ ಸ್ವಲ್ಪ ಕಾಣುತ್ತದೆ. 35 ದಾಟಿದವರಲ್ಲಿ ಅಲ್ಲಿಯ ಗಂಟು ಒಂದೂವರೆ ಸೆಂ.ಮೀ. ಇದ್ದರೆ ಅಲ್ಟ್ರಾಸೌಂಡ್ ಮಾಡಿಸಬೇಕು. ಅದಕ್ಕಿಂತ ಚಿಕ್ಕದು, ಬೇರೆ ಸಂಶಯದ ಲಕ್ಷಣ ಇಲ್ಲ ಅಂದರೆ ಸಾಮಾನ್ಯವಾಗಿ ಬಿಡುತ್ತಾರೆ. ವಯಸ್ಸಾದ ಹೆಂಗಸರ ಬೆನ್ನುಮೂಳೆ ಕುಸಿದದ್ದು ಕೂಡ ಈ ಸ್ಕ್ಯಾನಿನಲ್ಲೇ ಇರುತ್ತದೆ. ಅದು ಎಲುಬು ಸವೆದ ಗುರುತು, ಚಿಕಿತ್ಸೆ ಇದೆ.

ಇವೆಲ್ಲದರಲ್ಲಿ ಜನ ಓದದೇ ದಾಟುವ ಸಾಲು ಅಂದರೆ ಹೃದಯದ ರಕ್ತನಾಳದಲ್ಲಿ ಸುಣ್ಣ ಕಟ್ಟಿದೆ ಅನ್ನುವುದು. ಕುಮಟಾದಿಂದ ನನ್ನ ಚಿಕ್ಕಮ್ಮನ ಪರಿಚಯದ ಒಬ್ಬ ನಿವೃತ್ತ ಅಕ್ಕೋರು (ಶಾಲೆಯ ಟೀಚರ್) ಬಂದಿದ್ದರು. 4 ಮಿ.ಮೀ. ಚುಕ್ಕೆಯೊಂದರ ಚಿಂತೆಯಲ್ಲಿ ಊಟ ಬಿಟ್ಟಿದ್ದರು. ಆ ಚುಕ್ಕೆಗೆ ಏನೂ ಮಾಡಬೇಕಾಗಿರಲಿಲ್ಲ, ಶ್ವಾಸಕೋಶದ ಮಡಿಕೆಗೆ ಅಂಟಿಕೊಂಡ ಪುಟ್ಟ ದುಗ್ಧಗ್ರಂಥಿ ಅದು. ಅದೇ ರಿಪೋರ್ಟಿನ ಮೇಲಿನ ಪ್ಯಾರಾದಲ್ಲಿ ಮೂರು ರಕ್ತನಾಳಗಳಲ್ಲೂ ಸುಣ್ಣ ಇದೆ ಅಂತ ಬರೆದಿತ್ತು. ಆ ಸಾಲನ್ನು ಅವರಿಗೆ ಯಾರೂ ಓದಿ ಹೇಳಿರಲಿಲ್ಲ. ಬಿ.ಪಿ. ನೋಡಿದರೆ 170 ದಾಟಿತ್ತು. ಸಕ್ಕರೆ ಗಡಿಯಲ್ಲಿತ್ತು, ಕೊಲೆಸ್ಟ್ರಾಲ್ ಜಾಸ್ತಿ ಇತ್ತು. ಎದೆನೋವು ಇಲ್ಲದ ಕಾರಣ ಆಂಜಿಯೋಗ್ರಾಂಗೆ ಓಡಬೇಕಾಗಿರಲಿಲ್ಲ. ಹೃದಯದ ಡಾಕ್ಟರ್ ಹತ್ತಿರ ಒಮ್ಮೆ ತೋರಿಸಿಯಾಯಿತು. ಈಗ ಬಿ.ಪಿ. ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ ತಪ್ಪದೆ ತಗೊಳ್ಳುತ್ತಾರೆ. ಕವಳಕ್ಕೆ ಹಾಕುತ್ತಿದ್ದ ಹೊಗೆಸೊಪ್ಪು ಬಿಟ್ಟಿದ್ದಾರೆ. ಮೂರು ತಿಂಗಳಿಗೊಮ್ಮೆ ಬಿ.ಪಿ. ಬರೆದ ಚೀಟಿಯ ಫೋಟೋ ಕಳಿಸುತ್ತಾರೆ. ಹೋದ ಸಲ 134 ಇತ್ತು.